ಮುನಿಕೆಂಪಮ್ಮನ ವರ್ಣ

ಯಲಹಂಕ ಹಳೇ ಊರು
9 ಜೂನ್ 2024

ರಾಣಿ,

ಒಂಬತ್ತು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಆರ್.ಟಿ. ನಗರದ ಆ ಹಳೆಯ ಮನೆಯಲ್ಲೇ ಇದ್ದೀಯೆಂದು ನಂಬಿ ವಿಳಾಸ ಹಾಕುತ್ತೇನೆ. ಹೆಬ್ಬಾಳದ ಮೇಲ್ಸೇತುವೆ ದಾಟಿದರೆ ನಿನ್ನ ಮನೆ, ಒಂದು ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಆಗುವುದಿಲ್ಲ. ನನ್ನ ಧ್ವನಿ ಹೋಗಿದೆ.

ಏಪ್ರಿಲ್‌ನಲ್ಲಿ ಥೈರಾಯ್ಡ್ ಗಡ್ಡೆ ತೆಗೆದರು. ಅದು ಗಂಟಲಿನ ನರವನ್ನು ಸುತ್ತಿಕೊಂಡು ಬೆಳೆದಿತ್ತಂತೆ, ನರ ಉಳಿಸುವ ದಾರಿ ಇರಲಿಲ್ಲವಂತೆ. ಜೀವ ಉಳಿಯಿತು. ಬಾಯಿ ತೆರೆದರೆ ಗಾಳಿ ಬರುತ್ತದೆ, ಸ್ವರ ಬರುವುದಿಲ್ಲ. ಆರು ತಿಂಗಳು ಕಾದು ನೋಡೋಣ ಎಂದಿದ್ದಾರೆ ಡಾಕ್ಟರು. ಅಲ್ಲಿಯವರೆಗೆ ಮಕ್ಕಳ ಸ್ಲೇಟೊಂದನ್ನು ಕೊರಳಿಗೆ ನೇತುಹಾಕಿಕೊಂಡು ಓಡಾಡುತ್ತಿದ್ದೇನೆ. ಐವತ್ತೆಂಟನೆಯ ವಯಸ್ಸಿಗೆ ಮತ್ತೆ ಒಂದನೇ ಕ್ಲಾಸು.

ಬರೆಯಲು ಕಾರಣ ಇಷ್ಟೇ. ನಾನು ಆಸ್ಪತ್ರೆಯಿಂದ ಬರುವ ಮೊದಲೇ ನನ್ನ ನೃತ್ಯಶಾಲೆ ಮುಚ್ಚಿತೆಂಬ ಸುದ್ದಿ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಓಡಾಡಿದೆ. ನಿನ್ನ ಕಿವಿಗೂ ಬಿದ್ದಿರಬಹುದು. ನಲವತ್ತು ಮಕ್ಕಳಲ್ಲಿ ಹನ್ನೊಂದು ಜನ ಉಳಿದಿದ್ದಾರೆ, ಅದು ನಿಜ. ‘ತೈಯಾ ತೈ’ ಎಂದು ಸೊಲ್ಲುಕಟ್ಟು ಹೇಳಲಾಗದ, ಹಾಡಿನ ಸಾಲು ಎತ್ತಿಕೊಡಲಾಗದ, ‘ಮೊಣಕಾಲು ಬಗ್ಗಿಸೇ’ ಎಂದು ಬಯ್ಯಲೂ ಆಗದ ಟೀಚರ್ ಯಾರಿಗೆ ಬೇಕು? ತಮ್ಮ ಸುಬ್ರಮಣಿಯ ಮನೆಯ ಮಹಡಿಯಲ್ಲೇ ಇಷ್ಟು ವರ್ಷ ಕ್ಲಾಸು ನಡೆದದ್ದು ನಿನಗೆ ಗೊತ್ತು. ಮೊನ್ನೆ ಅವನು ಮೆಟ್ಟಿಲ ಮೇಲೆ ನಿಂತು, “ಸಾಕ್ ಬಿಡಕ್ಕ. ಇನ್ನೇನ್ ಉಳ್ದಿದೆ ಪ್ರೂವ್ ಮಾಡಕ್ಕೆ? ರೆಸ್ಟ್ ತಗೋ. ಮೇಲ್ಗಡೆ ಟ್ಯೂಷನ್ನವ್ರು ಕೇಳ್ತಾವ್ರೆ” ಎಂದ. ‘ನಾಳೆ ಸಂಜೆ ಕ್ಲಾಸಿದೆ, ಚಪ್ಪಲಿ ಸ್ಟ್ಯಾಂಡ್ ಕ್ಲೀನ್ ಮಾಡಿಸು’ ಎಂದು ಸ್ಲೇಟಿನಲ್ಲಿ ಬರೆದು ಅವನ ಮುಖದ ಮುಂದೆ ಹಿಡಿದೆ.

ಮುಚ್ಚಿಲ್ಲ. ಮುಚ್ಚುವುದೂ ಇಲ್ಲ. ಯಾರಾದರೂ ಹೇಳಿದರೆ ನಂಬಬೇಡ. ನಿನ್ನಿಂದ ಏನನ್ನೂ ಕೇಳಲು ಬರೆದ ಕಾಗದವಲ್ಲ ಇದು.

ಕಲಾವತಿ


ಆರ್.ಟಿ. ನಗರ
22 ಜೂನ್ 2024

ಕಲಾವತಿಗೆ,

ವಿಳಾಸ ಅದೇ. ಕಾಗದ ತಲುಪಿತು. ನಿಂತುಕೊಂಡೇ ಓದಿದೆ, ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು.

ನೀನು ಏನನ್ನೂ ಕೇಳುವುದಿಲ್ಲ ಎಂದಿದ್ದೀಯ. ಸರಿ, ನಾನು ಕೇಳುತ್ತೇನೆ.

ಕಳೆದ ಸಂಕ್ರಾಂತಿಯಲ್ಲಿ ಪಕ್ಕದ ಮನೆಯ ಫರೀದಾ ನಿಮ್ಮ ಉಪನಗರದಲ್ಲಿರುವ ಗೆಳತಿಯ ಮನೆಗೆ ಹೋಗಿದ್ದವಳು, ನಿನ್ನ ಮಕ್ಕಳ ಕಾರ್ಯಕ್ರಮ ನೋಡಿಕೊಂಡು ಬಂದಳು. ಬಂದವಳೇ ಬಾಗಿಲಲ್ಲಿ ನಿಂತು, “ಏನ್ ರಾಣಿಯಕ್ಕ, ಅಲ್ಲಿ ಹಾಡ್ತಿದ್ರಿ, ನನಗಿಂತ ಮುಂಚೆ ಹೆಂಗ್ ಮನೆಗ್ ಬಂದ್ರಿ?” ಎಂದು ಕೇಳಿದಳು. ನಾನು ಆಗ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಬೆಳಗಿನಿಂದ ಮನೆಯ ಹೊಸ್ತಿಲು ದಾಟಿರಲಿಲ್ಲ.

ಇಪ್ಪತ್ತು ವರ್ಷ ವೇದಿಕೆಯ ಮೇಲೆ ನಿನ್ನ ಎಡಗಡೆ ಕೂತು ಹಾಡಿದೆ. ದೆಹಲಿಯ ಉತ್ಸವದವರು ಐದೇ ಜನ ಬನ್ನಿ ಎಂದಾಗ ನೀನು ನಾಲ್ಕು ಹುಡುಗಿಯರನ್ನೂ ನನ್ನ ಹಾಡು ತುಂಬಿದ ಒಂದು ಪೆನ್ ಡ್ರೈವನ್ನೂ ತೆಗೆದುಕೊಂಡು ಹೋದೆ. “ಇದೊಂದ್ ಸಲ ಕಣೇ” ಎಂದೆ. ಒಂದು ಸಲಕ್ಕೆ ನಾನೂ ಸುಮ್ಮನಿದ್ದೆ. ವಾಪಸು ಬಂದ ಮೇಲೆ ಕರೆಯುತ್ತೀಯೆಂದು ಕಾದೆ. ಯುಗಾದಿ ಬಂತು, ದಸರೆ ಬಂತು. ನೀನು ಕರೆಯಲಿಲ್ಲ, ನಾನು ಕೇಳಲಿಲ್ಲ. ನಿನಗೆ ಬೇರೆ ಗಾಯಕಿ ಸಿಕ್ಕಿರಬೇಕು ಎಂದುಕೊಂಡೆ.

ಆ ಗಾಯಕಿ ನಾನೇ ಎಂದು ಫರೀದಾಳಿಂದ ತಿಳಿಯಬೇಕಾಯಿತು. ನನ್ನ ಗಂಟಲು ನಾನಿಲ್ಲದೆ ಒಂಬತ್ತು ವರ್ಷ ನಿನ್ನ ಮನೆಯಲ್ಲಿ ದುಡಿಯಿತು. ಹೌದೋ ಅಲ್ಲವೋ? ಕಾರಣ ಬೇಡ. ಒಂದೇ ಪದ ಸಾಕು.

ರಾಣಿ


ಯಲಹಂಕ
30 ಜೂನ್ 2024

ರಾಣಿ,

ಹೌದು.

ಪೆನ್ ಡ್ರೈವ್ ಈ ಲಕೋಟೆಯಲ್ಲೇ ಇದೆ. ಬೇರೆ ಪ್ರತಿ ನನ್ನ ಹತ್ತಿರ ಇಲ್ಲ.

ಕಲಾವತಿ


ಆರ್.ಟಿ. ನಗರ
28 ಜುಲೈ 2024

ಕಲಾವತಿಗೆ,

ಮೂರು ವಾರ ಅದನ್ನು ಸಾಸಿವೆ ಡಬ್ಬಿಯ ಪಕ್ಕ ಇಟ್ಟಿದ್ದೆ. ನಿನ್ನೆ ಫರೀದಾಳ ಟಿವಿಗೆ ಹಾಕಿಸಿ ಕೇಳಿದೆ. ಚೆನ್ನಾಗಿ ಹಾಡುತ್ತಿದ್ದೆ ಕಣೇ. ಮೇಲಿನ ಸ್ವರಗಳಿಗೆ ಹೆದರಿಕೆಯೇ ಇಲ್ಲದೆ ಹೋಗಿ ನಿಲ್ಲುತ್ತಿದ್ದೆ. ಈಗ ನನ್ನ ಶ್ರುತಿ ಇಳಿದಿದೆ. ಮೇಲಕ್ಕೆ ಹೋದರೆ ದನಿ ಹರಿದು ಚಿಂದಿಯಾಗುತ್ತದೆ. ಇದನ್ನು ಯಾರಿಗೂ ಹೇಳಿಲ್ಲ, ನಾನು ಸಂಗೀತ ಹೇಳಿಕೊಡುವ ಶಾಲೆಯಲ್ಲೂ ಗೊತ್ತಿಲ್ಲ. ಮಕ್ಕಳಿಗೆ ಹಾರ್ಮೋನಿಯಂ ಜೋರಾಗಿ ಒತ್ತಿ ಮುಚ್ಚಿಹಾಕುತ್ತೇನೆ.

ಇದನ್ನು ನಿನಗೆ ಯಾಕೆ ಬರೆದೆನೋ.

ಪೆನ್ ಡ್ರೈವ್ ನನಗೆ ಕಳಿಸಿದ ಮೇಲೆ ನಿನ್ನ ಹನ್ನೊಂದು ಮಕ್ಕಳು ಯಾವುದಕ್ಕೆ ಕುಣಿಯುತ್ತಿದ್ದಾರೆ? ಉತ್ತರ ಬರೆಯಲೇಬೇಕೆಂದೇನಿಲ್ಲ.

ರಾಣಿ


ಯಲಹಂಕ
15 ಆಗಸ್ಟ್ 2024

ರಾಣಿ,

ಬರೆಯಲೇಬೇಕೆಂದೇನಿಲ್ಲ ಎಂದವಳಿಗೆ ಉದ್ದದ ಕಾಗದವನ್ನೇ ಬರೆಯುತ್ತೇನೆ.

ಮರದ ಮಣೆ ಇದೆ, ಅದನ್ನು ತಟ್ಟುವ ಕೋಲು ಇದೆ. ಅವೆರಡೇ ನನ್ನ ನಾಲಿಗೆ. ಮೊದಲ ಎರಡು ವಾರ ಹುಡುಗಿಯರು ನನ್ನ ಬಾಯಿ ನೋಡುತ್ತಾ ನಿಂತರು. ಕೋಲಿನಿಂದ ತಾಳ ಸಿಗುತ್ತದೆ. ‘ತೈಯಾ ತೈ’ಯನ್ನು ಕೋಲಿನಲ್ಲಿ ಹೇಗೆ ಹೇಳಲಿ? ಮೂರನೇ ವಾರ ಮೋನಿಷಾ ತಡೆಯಲಾರದೆ, “ಮಿಸ್, ಸೊಲ್ಲು ನಾನ್ ಹೇಳ್ತೀನಿ. ತಪ್ಪಾದ್ರೆ ಕೋಲಲ್ಲಿ ಬಾರ್ಸಿ” ಎಂದಳು. ಚಿಕ್ಕಜಾಲದಿಂದ ಬಸ್ಸಿನಲ್ಲಿ ಬರುವವಳು, ಡಿಗ್ರಿ ಎರಡನೇ ವರ್ಷ, ಮಾತು ಸ್ವಲ್ಪ ಜಾಸ್ತಿ. ಕುಣಿಯುತ್ತಲೇ ಸೊಲ್ಲು ಹೇಳಿದಳು. ಅರ್ಧಕ್ಕೇ ಉಸಿರು ಕಟ್ಟಿತು. ಮರುದಿನ ಮತ್ತಿಬ್ಬರು ಶುರುಮಾಡಿದರು. ಈಗ ಹನ್ನೊಂದು ಜನವೂ ಕುಣಿಯುತ್ತಾ ಹೇಳುತ್ತಾರೆ. ಏದುಸಿರು ಬಿಡುತ್ತಾರೆ, ಅಕ್ಷರ ನುಂಗುತ್ತಾರೆ. ಕೋಲು ತಟ್ಟಿ ನಿಲ್ಲಿಸಿ ಮತ್ತೆ ಹೇಳಿಸುತ್ತೇನೆ.

ಯಶವಂತಪುರದ ನಮ್ಮ ಮೇಷ್ಟ್ರು ನೋಡಿದ್ದರೆ ಸಂಪ್ರದಾಯ ಕೆಡಿಸಿದೆ ಎನ್ನುತ್ತಿದ್ದರು. ಮೊದಲ ದಿನ ನನ್ನನ್ನು ನೋಡಿ “ಸೊಪ್ಪು ಮಾರೋರ ಮಗಳಿಗೆ ಭರತನಾಟ್ಯ ಯಾಕಮ್ಮ?” ಎಂದವರೂ ಅವರೇ ಅಲ್ಲವೇ? ಅಂದುಕೊಳ್ಳಲಿ ಬಿಡು.

ಕಳೆದ ವಾರ ಬಡಾವಣೆಯ ಕಲಾ ಸಂಘದ ಕಾರ್ಯದರ್ಶಿ ಜಗನ್ ಮನೆಗೆ ಬಂದಿದ್ದರು. ಒಳ್ಳೆಯ ಮಾತಿನ ಮನುಷ್ಯ. “ಮೇಡಂ, ಫೆಬ್ರವರಿ ಉತ್ಸವದಲ್ಲಿ ನಿಮಗೆ ಸನ್ಮಾನ. ಜೀವಮಾನ ಸಾಧನೆ. ಶಾಲು, ಹಾರ, ಪೇಟ, ಎಲ್ಲಾ ಗ್ರ್ಯಾಂಡಾಗಿ. ನಿಮ್ ಹುಡುಗೀರಿಗೆ ಕೆಂಪಾಪುರದ ಅಕಾಡೆಮಿಯವ್ರು ಒಳ್ಳೆ ಟ್ರ್ಯಾಕ್ ಹಾಕಿ ಒಂದ್ ಐಟಂ ಮಾಡಿಸ್ತಾರೆ. ನೀವು ಆರಾಮಾಗಿ ಮುಂದೆ ಕೂತ್ಕೊಂಡು ನೋಡಿ.” ನಾನು ಬರೆದೆ: ‘ಶಾಲು ಬೇಡ. ಅರ್ಧ ಗಂಟೆ ಕೊಡಿ.’ ಅವರು ನಕ್ಕರು. “ಮೇಡಂ, ಈ ಸ್ಥಿತಿಯಲ್ಲಿ...” ಅಳಿಸಿ ಮತ್ತೆ ಬರೆದೆ: ‘ಸ್ಥಿತಿ ಗಂಟಲಿನದ್ದು. ಕಾಲಿನದ್ದಲ್ಲ.’ ಕಾಫಿ ಮುಗಿಯುವಷ್ಟರಲ್ಲಿ ಇಪ್ಪತ್ತು ನಿಮಿಷಕ್ಕೆ ಬಂದರು. ಹೋಗುವಾಗ ಬಾಗಿಲಲ್ಲಿ ತಿರುಗಿ, “ಟ್ರ್ಯಾಕ್ ಮಾತ್ರ ಒಂದ್ ವಾರ ಮುಂಚೆ ಕೊಡ್ಬೇಕು, ಲೈವ್ ಎಲ್ಲಾ ಆಗಲ್ಲ” ಎಂದರು. ನಾನು ಸ್ಲೇಟು ಒರೆಸಿ ಕಾಫಿ ಲೋಟ ಎತ್ತಿಕೊಂಡೆ.

ಏನು ಮಾಡುತ್ತಿದ್ದೇನೆ ಗೊತ್ತೇ? ಹೊಸ ವರ್ಣ ಕಟ್ಟುತ್ತಿದ್ದೇನೆ, ಅರ್ಧ ಗಂಟೆಯ ಪೂರ್ತಿ ನೃತ್ಯ. ನಲವತ್ತು ವರ್ಷ ವರ್ಣದಲ್ಲಿ ಬಾರದ ಸ್ವಾಮಿಗಾಗಿ ಕಾದೆ ಕಣೇ. ಸಖಿಯನ್ನು ಕಳಿಸಿದೆ, ಗಿಳಿಯನ್ನು ಕಳಿಸಿದೆ, ಚಂದ್ರನನ್ನು ಬಯ್ದೆ. ಇನ್ನು ಕಾಯುವುದಿಲ್ಲ. ಈ ವರ್ಣದ ನಾಯಿಕೆ ನಮ್ಮಮ್ಮ.

ವಿಮಾನ ನಿಲ್ದಾಣದ ರಸ್ತೆ ಅಗಲ ಮಾಡುವಾಗ ಚಿಕ್ಕಜಾಲದ ನಮ್ಮ ಮನೆಗೆ ಕೆಂಪು ಗುರುತು ಹಾಕಿದ್ದರಲ್ಲ. ಯಂತ್ರ ಬಂದ ದಿನ ಅಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. ನೀನೂ ಇದ್ದೆ. ಬೆಳಿಗ್ಗೆ ಎಂಟಕ್ಕೆ ಕೂತವಳು ಸಂಜೆ ನಾಲ್ಕಕ್ಕೆ ಏನೂ ಹೇಳದೆ ಎದ್ದು ಹಿತ್ತಲ ಕಡೆ ಹೋದಳು. ನಮಗೆ ಯಶವಂತಪುರದಲ್ಲಿ ಬೀದರ್ ರೈಲು ಹಿಡಿಯಬೇಕಿತ್ತು, ಹೊರಟೆವು. ಕಾರ್ಯಕ್ರಮ ಮುಗಿಸಿ ಐದನೇ ದಿನ ಬಂದಾಗ ಅಲ್ಲಿ ಬರೀ ಮಣ್ಣು. ಅಮ್ಮ ಸುಬ್ರಮಣಿಯ ಮನೆ ಸೇರಿದ್ದಳು. ಅವಳು ಎದ್ದದ್ದು ನನಗೆ ಇವತ್ತಿಗೂ ಅರಗಿಲ್ಲ. ಅಷ್ಟು ಹೊತ್ತು ಕೂತವಳು ಯಾಕೆ ಸೋತಳು? ಸಾಯುವವರೆಗೂ ಕೇಳಲಿಲ್ಲ. ಕೇಳಿದರೆ ಅವಳಿಗೆ ನೋವಾಗುತ್ತದೆ ಎಂದುಕೊಂಡೆ. ನನಗೇ ನಾಚಿಕೆಯಾಗಿತ್ತು ಅನ್ನುವುದು ನಿಜ.

ಕೂರುವುದನ್ನು ನಾವು ಅರೆಮಂಡಿಯಲ್ಲಿ ತೋರಿಸುತ್ತೇವೆ. ಮೊಣಕಾಲು ಬಗ್ಗಿಸಿ, ಅರ್ಧ ಕೂತು, ಬೆನ್ನು ನೇರ. ಅಮ್ಮನ ಪಾತ್ರ ನಾನೇ ಮಾಡುತ್ತೇನೆ. ಮಂಡಿ ನೋಯುತ್ತದೆ, ನೋಯಲಿ. ಕೊನೆಯಲ್ಲಿ ಅವಳು ಏಳುತ್ತಾಳೆ. ಎದ್ದದ್ದು ನಿಜ, ಸುಳ್ಳು ಕುಣಿಯಲಾರೆ.

ಸಾಹಿತ್ಯ ನಾನೇ ಬರೆದಿದ್ದೇನೆ, ಜೊತೆಗಿಟ್ಟಿದ್ದೇನೆ. ಹಾಡು ಎನ್ನುತ್ತಿಲ್ಲ. ಸರಿಯಿದೆಯೇ ಎಂದು ನೋಡು, ಅಷ್ಟೇ.

ಕಲಾವತಿ


ಆರ್.ಟಿ. ನಗರ
7 ಸೆಪ್ಟೆಂಬರ್ 2024

ಕಲಾ,

ಸಾಹಿತ್ಯ ಕೆಟ್ಟದಾಗಿದೆ. ಮೊದಲ ಸಾಲಿನಲ್ಲೇ ‘ಹೇ ಭೂಮಾತೆ, ಸಲಹು ಎನ್ನನು’ ಎಂದು ಅಳುತ್ತಾಳೆ. ನಿಮ್ಮಮ್ಮ ಮುನಿಕೆಂಪಮ್ಮ ಯಾರನ್ನಾದರೂ ಸಲಹು ಎಂದು ಕೇಳಿದ್ದನ್ನು ನೀನು ನೋಡಿದ್ದೀಯಾ? ಗ್ರಂಥದ ಭಾಷೆ ಅವಳ ಬಾಯಿಗೆ ತುರುಕಿದ್ದೀಯ. ಮೇಷ್ಟ್ರು ಇನ್ನೂ ನಿನ್ನ ತಲೆಯಿಂದ ಇಳಿದಿಲ್ಲ.

ಅವಳು ಅಂದು ಏನೆಂದಳು ಎಂಬುದು ನನಗೆ ಅಕ್ಷರ ಬಿಡದೆ ನೆನಪಿದೆ. ಹಾಡುವವಳ ಕಿವಿ. ಆ ಎಂಜಿನಿಯರು ಕೊಡೆ ಹಿಡಿದುಕೊಂಡು ಬಂದು, “ಎದ್ದೇಳಮ್ಮಾ, ಟೈಮಾಗ್ತಿದೆ” ಎಂದಾಗ ಅವಳು ಎಲೆಅಡಿಕೆ ಉಗಿದು ಹೇಳಿದಳು: “ನಾನ್ ಏಳಾಕಿಲ್ಲ ಓಗಪ್ಪ. ಇದು ನನ್ ಒಸ್ಲು. ನಿನ್ ಮಿಷನ್ನು ಬೇಕಾದ್ರೆ ಸುತ್ತಾಕ್ಕೊಂಡ್ ಓಗ್ಲಿ.”

ಇದೇ ಪಲ್ಲವಿ. ಒಂದಕ್ಷರ ತಿದ್ದಬೇಡ. ‘ಹೋಗಪ್ಪ’ ಎಂದು ಶುದ್ಧ ಮಾಡಿದರೆ ನನ್ನ ಮೇಲಾಣೆ. ಆನಂದಭೈರವಿಯಲ್ಲಿ ಸ್ವರ ಹಾಕಿ ಕಳಿಸಿದ್ದೇನೆ. ಕೆಳಗಿನ ಸ್ವರಗಳಲ್ಲೇ ಓಡಾಡುತ್ತದೆ. ಯಾಕೆಂದು ನಿನಗೆ ಗೊತ್ತು.

ಇನ್ನು ನನ್ನ ಮಾತು. ಫೆಬ್ರವರಿಗೆ ನಾನು ಬಂದು ಹಾಡುತ್ತೇನೆ. ಆದರೆ ಅದಕ್ಕೆ ಮುಂಚೆ ಅಲ್ಲಿ ಕೂತ ಜನಕ್ಕೆ ಒಂಬತ್ತು ವರ್ಷದ ವಿಷಯ ತಿಳಿಯಬೇಕು. ನನ್ನ ಕಿವಿಯಲ್ಲಿ ಕ್ಷಮಿಸು ಎನ್ನುವುದು ಬೇಡ. ಯಾರು ಆ ಹಾಡಿಗೆ ಚಪ್ಪಾಳೆ ತಟ್ಟಿದರೋ ಅವರಿಗೆ ಅದು ಯಾರ ಹಾಡೆಂದು ಗೊತ್ತಾಗಬೇಕು. ನೀನು ಹೇಳಲಾರೆ, ಬರೆದುಕೊಡು. ಯಾರಾದರೂ ಓದಲಿ.

ರಾಣಿ


ಯಲಹಂಕ
16 ಸೆಪ್ಟೆಂಬರ್ 2024

ರಾಣಿ,

ಪಲ್ಲವಿ ನೀನು ಹೇಳಿದ್ದೇ ಸರಿ. ಅಮ್ಮನೇ ಬಂದು ಕೂತ ಹಾಗಾಯಿತು.

ಓದಿಸುವುದು ಆಗದು. ಧ್ವನಿ ಹೋಯಿತು, ಮಕ್ಕಳು ಹೋದರು. ಈ ಊರಿನಲ್ಲಿ ಕಲಾವತಿ ಮಿಸ್ ಎಂಬ ಹೆಸರೊಂದು ಉಳಿದಿದೆ. ಅದನ್ನೂ ತಂದು ವೇದಿಕೆಯ ಮೇಲೆ ಒಡೆ ಎನ್ನುತ್ತೀಯ. ಒಡೆಯುವುದಿಲ್ಲ.

ನೀನು ಬರಬೇಡ. ಹುಡುಗಿಯರೇ ಹಾಡಿಕೊಳ್ಳುತ್ತಾರೆ.

ಕಲಾವತಿ


ಯಲಹಂಕ
18 ನವೆಂಬರ್ 2024

ರಾಣಿ,

ಇವತ್ತು ಡಾಕ್ಟರ ಹತ್ತಿರ ಹೋಗಿದ್ದೆ. ಗಂಟಲಿಗೆ ನಳಿಕೆ ಇಳಿಸಿ ನೋಡಿದರು. ಬರುವುದಿಲ್ಲವಂತೆ. ಇಷ್ಟೇ ಅಂತೆ.

ವಾಪಸು ಬಂದು ಕ್ಲಾಸು ತೆಗೆದುಕೊಂಡೆ. ಬೇರೆ ಯಾರಿಗೂ ಹೇಳಿಲ್ಲ.

ಕಲಾ


ಆರ್.ಟಿ. ನಗರ
11 ಡಿಸೆಂಬರ್ 2024

ಕಲಾ,

ನಿನ್ನೆ ನಿನ್ನ ಮನೆಗೆ ಬಂದಿದ್ದೆ. ಮನೆಗೆ ಅಂದರೆ ಗೇಟಿನವರೆಗೆ.

ನಿನ್ನ ಕಾಗದ ಬಂದ ದಿನದಿಂದ ಏನಾದರೂ ಬರೆಯಬೇಕೆಂದು ಕೂರುತ್ತಿದ್ದೆ. ಹಾಳೆಗಳು ಹಾಳಾದವು. ಬಸ್ಸು ಹತ್ತಿ ಬಂದೇಬಿಟ್ಟೆ. ಮೇಲಿನಿಂದ ಕೋಲಿನ ಸದ್ದು ಕೇಳಿಸಿತು. ಅದರ ಜೊತೆ ಹುಡುಗಿಯರ ದನಿ. ಒಬ್ಬಳು ಮುಂದೆ, ಒಬ್ಬಳು ಹಿಂದೆ, ಒಬ್ಬಳಿಗೆ ಶೀತ. ಒಬ್ಬಳು ಉಸಿರು ಬಿಟ್ಟ ಕಡೆ ಇನ್ನೊಬ್ಬಳು ಹಿಡಿಯುತ್ತಿದ್ದಳು. ಎಲ್ಲಿಯೂ ನಿಲ್ಲಲಿಲ್ಲ. ‘ನಾನ್ ಏಳಾಕಿಲ್ಲ ಓಗಪ್ಪ’ ಎನ್ನುವಾಗ ಬೀದಿಯಲ್ಲಿ ಹೋಗುತ್ತಿದ್ದ ಹೂವಿನ ಗಾಡಿಯವನು ತಲೆ ಎತ್ತಿ ನೋಡಿ ನಕ್ಕ.

ನನಗೆ ಸಿಟ್ಟು ಬಂತು. ನನ್ನನ್ನು ಬಿಟ್ಟು ಅಷ್ಟು ಚೆನ್ನಾಗಿ ಹಾಡುವುದು ಅವರಿಗೆ ಬೇಕಿರಲಿಲ್ಲ. ಪಲ್ಲವಿಯ ಎರಡನೇ ಸಾಲಿನಲ್ಲಿ ಮಾತ್ರ ಗಾಂಧಾರ ಸ್ವರವನ್ನು ನೇರ ಹಿಡಿಯುತ್ತಿದ್ದಾರೆ, ಅದನ್ನು ತೊಟ್ಟಿಲಂತೆ ತೂಗಬೇಕು.

ಸುಬ್ರಮಣಿ ನೋಡಿ, “ಒಳಗ್ ಬನ್ನಿ ರಾಣಿಯಕ್ಕ, ಇಲ್ಯಾಕ್ ನಿಂತಿದೀರ?” ಎಂದ. ನನ್ನನ್ನು ನೋಡಿದ್ದು ನಿನಗೆ ಹೇಳಬೇಡ ಎಂದು ಹೇಳಿ ಬಂದೆ. ಈಗ ನಾನೇ ಹೇಳಿದೆ.

ಮಾತು ಬದಲಾಗಿಲ್ಲ. ಓದಿಸದಿದ್ದರೆ ಬರುವುದಿಲ್ಲ.

ರಾಣಿ


ಯಲಹಂಕ
20 ಜನವರಿ 2025

ರಾಣಿ,

ಗಾಂಧಾರ ತೂಗಿಸಿದ್ದೇನೆ. ಕೈಯಿಂದ ಗಾಳಿಯಲ್ಲಿ ತೋರಿಸಿದೆ, ಹಿಡಿದುಕೊಂಡರು.

ಫೆಬ್ರವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಉಪನಗರದ ಸಭಾಭವನ. ಜಗನ್ ಮೂರು ಸಲ ಟ್ರ್ಯಾಕ್ ಕೇಳಿದ್ದಾರೆ. ಮೂರು ಸಲವೂ ಸ್ಲೇಟಿನಲ್ಲಿ ‘ಬರುತ್ತದೆ’ ಎಂದು ಬರೆದೆ. ಹನ್ನೊಂದು ಜೋಡಿ ಕಾಲಿನ ಮೇಲೆ ನಡೆದುಕೊಂಡು ಬರುತ್ತದೆ ಎಂದು ಬರೆಯಲಿಲ್ಲ, ಅಷ್ಟೇ.

ಇನ್ನೊಂದು ಸಂಗತಿ. ಹೋದ ವಾರ ಮೋನಿಷಾ ಹೇಳಿದಳು: “ಮಿಸ್, ಮೊದ್ಲು ನಾವು ಡಾನ್ಸ್ ಮಾಡ್ತಿದ್ವಲ್ಲ, ಆ ಹಾಡಿನ ಆಂಟಿ ಸತ್ತೋಗಿದ್ದಾರೆ ಅನ್ಕೊಂಡಿದ್ವಿ ನಾವೆಲ್ಲ.” ಅವಳು ತಪ್ಪು ತಿಳಿದುಕೊಂಡದ್ದಲ್ಲ. ಬದುಕಿದ್ದವಳನ್ನು ಹಾಗೆ ಮಾಡಿದ್ದು ನಾನು. ಆ ರಾತ್ರಿಯೇ ಹಾಳೆ ತೆಗೆದು ಕೂತೆ.

ಬರೆದಿದ್ದೇನೆ. ಮೋನಿಷಾ ಓದುತ್ತಾಳೆ. ನೀನು ಬಂದರೂ ಓದುತ್ತಾಳೆ, ಬಾರದಿದ್ದರೂ ಓದುತ್ತಾಳೆ. ನಿನ್ನ ಷರತ್ತಿಗೆ ಬಗ್ಗಿದೆ ಎಂದುಕೊಳ್ಳಬೇಡ. ಇದು ನನ್ನ ಹಟ.

ಕಲಾ


ಆರ್.ಟಿ. ನಗರ
11 ಫೆಬ್ರವರಿ 2025

ಕಲಾ,

ನಾನು ಮೂರನೇ ಸಾಲಿನಲ್ಲಿ ಫರೀದಾಳ ಪಕ್ಕ ಕೂತಿದ್ದೆ. ನಿನಗೆ ಕಾಣಬಾರದೆಂದು ಕಂಬದ ಹಿಂದಿನ ಕುರ್ಚಿಯನ್ನೇ ಹುಡುಕಿದ್ದೆ. ನೀನು ಕುಣಿತದ ಮೇಲೆ ಕಣ್ಣಿಟ್ಟವಳು, ಅಲ್ಲಿ ನಡೆದದ್ದರಲ್ಲಿ ಅರ್ಧವೂ ನಿನಗೆ ಕಂಡಿಲ್ಲ. ಅದನ್ನು ಹೇಳಲೆಂದು ಬರೆಯುತ್ತಿದ್ದೇನೆ.

ಮೋನಿಷಾ ಕಾಗದ ಬಿಡಿಸಿದಾಗ ಜನ ಯಾರದೋ ಸ್ವಾಗತ ಭಾಷಣ ಎಂದುಕೊಂಡು ಮಾತಾಡಿಕೊಳ್ಳುತ್ತಿದ್ದರು. “ಒಂಬತ್ತು ವರ್ಷ ನೀವು ಕೇಳಿದ ಹಾಡು ರಾಣಿಯದು. ನಾನು ಅವಳನ್ನು ಬಿಟ್ಟು ಅವಳ ದನಿಯನ್ನು ಮಾತ್ರ ಇಲ್ಲಿಗೆ ತರುತ್ತಿದ್ದೆ. ಹೆಸರು ಕೂಡ ಹೇಳಲಿಲ್ಲ. ಅದು ಕಳ್ಳತನ. ನನ್ನ ದನಿ ಹೋಗಿದ್ದಕ್ಕೆ ಇದನ್ನು ಹೇಳುತ್ತಿಲ್ಲ. ದನಿ ಇದ್ದಾಗಲೇ ಹೇಳಬೇಕಿತ್ತು.” ಅಷ್ಟು ಹೊತ್ತಿಗೆ ಮಾತಾಡುತ್ತಿದ್ದವರೆಲ್ಲ ವೇದಿಕೆಯ ಕಡೆ ತಿರುಗಿದ್ದರು. ನನ್ನ ಮುಂದಿನ ಸಾಲಿನ ಹೆಂಗಸೊಬ್ಬಳು ಗಂಡನಿಗೆ, “ಏನ್ ಧೈರ್ಯ ನೋಡ್ರೀ” ಎಂದಳು. ನೀನೋ ವೇದಿಕೆಯ ಮಧ್ಯೆ ಗೆಜ್ಜೆ ಕಟ್ಟಿಕೊಂಡು ಕಂಬದಂತೆ ನಿಂತಿದ್ದೆ. ತಲೆ ಒಂದಿಷ್ಟೂ ತಗ್ಗಿಸಲಿಲ್ಲ. ತಪ್ಪೊಪ್ಪಿಕೊಳ್ಳುವವರು ಹಾಗೆ ನಿಲ್ಲುತ್ತಾರೇನೇ?

ಫರೀದಾ ನನ್ನ ತೊಡೆ ಚಿವುಟಿ, “ಈಗ ಏಳ್ತೀರೋ, ನಾನೇ ಹೋಗಿ ಹಾಡ್ಲೋ?” ಎಂದಳು. ಅವಳು ಹಾಡಿದ್ದನ್ನು ನಾನು ಕೇಳಿದ್ದೇನೆ. ಎದ್ದೆ.

ಮೆಟ್ಟಿಲು ಹತ್ತಿ ನಿನ್ನ ಎಡಗಡೆ ಕೂತಾಗ ನೀನು ನನ್ನ ಕಡೆ ತಿರುಗಲಿಲ್ಲ. ಕೋಲನ್ನು ಮಾತ್ರ ನನ್ನ ಮುಂದೆ ಇಟ್ಟೆ.

ಇಪ್ಪತ್ತನೇ ನಿಮಿಷಕ್ಕೆ ಜಗನ್ ಪಕ್ಕದಲ್ಲಿ ಬಂದು ನಿಂತು ಗಡಿಯಾರ ತೋರಿಸತೊಡಗಿದರು. ನೀನು ಅಮ್ಮನಾಗಿ ಕೂತಿದ್ದೆ, ಬೆನ್ನು ಅವರ ಕಡೆಗಿತ್ತು. ನಾನು ಕಣ್ಣು ಮುಚ್ಚಿಕೊಂಡು ಹಾಡಿದೆ. ಆಮೇಲೆ ಮೈಕು ನಿಂತಿತು. ಕೆಟ್ಟದ್ದಲ್ಲ ಕಣೇ, ಆರಿಸಿದ್ದು. ಸಾಲಿನ ಮಧ್ಯೆ ನನ್ನ ದನಿ ಇಷ್ಟೇ ಇಷ್ಟಾಯಿತು. ಆಗ ನಿನ್ನ ಹುಡುಗಿಯರು ಏನು ಮಾಡಿದರೆಂದು ನಿನಗೆ ಗೊತ್ತು. ನನಗೆ ಯಾವತ್ತೂ ಹನ್ನೊಂದು ಜನ ಜೊತೆಗೆ ಹಾಡಿರಲಿಲ್ಲ. ಮೈಕಿಗೆ ಹೆದರಿ ಇಷ್ಟು ವರ್ಷ ಮೆತ್ತಗೆ ಹಾಡಿದ್ದ ಗಂಟಲನ್ನು ಬಿಟ್ಟೆ. ಹರಿಯಿತು. ಹರಿದ ದನಿಯಲ್ಲೇ ಹಾಡಿದೆ. ಮುನಿಕೆಂಪಮ್ಮನ ದನಿಯೂ ಹಾಗೇ ಇತ್ತಲ್ಲ.

ದೀಪ ಯಾಕೆ ಆರಲಿಲ್ಲ ಎಂದು ನೀನು ಯೋಚಿಸಿರುವುದಿಲ್ಲ. ಜಗನ್ ಅದನ್ನೂ ಆರಿಸಲು ಹೇಳಿದರು. ಲೈಟಿನ ನಾಸಿರ್ ಕೈಕಟ್ಟಿ ಕೂತು, “ಸಾರ್, ಮೈಕ್ ನಿಮ್ದು, ಆಫ್ ಮಾಡ್ಕೊಂಡ್ರಿ. ಲೈಟ್ ನಂದು. ಆಯಮ್ಮ ಕೂತಿರೋವರ್ಗೂ ಆರ್ಸಲ್ಲ” ಎಂದ. ನನಗೆ ಕೇಳಿಸುವಷ್ಟು ಜೋರಾಗಿಯೇ ಹೇಳಿದ.

ಇಪ್ಪತ್ತೇಳು ನಿಮಿಷ ಆಯಿತು. ಕೊನೆಯಲ್ಲಿ ನೀನು ಎದ್ದು, ತಲೆ ತಗ್ಗಿಸಿ ಹಿಂದಕ್ಕೆ ನಡೆದು ಹೋದದ್ದು ಮಾತ್ರ ನನಗೆ ಹಿಡಿಸಲಿಲ್ಲ. ನಿಜ ಎನ್ನುತ್ತೀಯ, ಗೊತ್ತು. ಆದರೂ ಆ ಜಾಗದಲ್ಲಿ ನನ್ನ ಹಾಡು ಸುಳ್ಳಾದಂತೆ ಅನಿಸಿತು.

ಫರೀದಾಳಿಗೆ ನಮಾಜಿಗೆ ತಡವಾಗುತ್ತಿತ್ತು, ಹೇಳದೆ ಹೊರಟುಬಿಟ್ಟೆ. ಬೇಜಾರಾಗಬೇಡ.

ರಾಣಿ


ಯಲಹಂಕ
14 ಫೆಬ್ರವರಿ 2025

ರಾಣಿ,

ಹಾಗೆ ಹೊರಟುಹೋಗಿ ಏನು ಕಳೆದುಕೊಂಡೆ ಗೊತ್ತೇ? ಕೂತುಕೊಂಡು ಓದು.

ಗೆಜ್ಜೆ ಬಿಚ್ಚುತ್ತಿದ್ದೆ. ಮೋನಿಷಾ ತನ್ನ ಅಜ್ಜಿಯ ಕೈಹಿಡಿದು ಕರೆತಂದಳು. ಅಕ್ಕಯ್ಯಮ್ಮ. ನಮ್ಮ ಚಿಕ್ಕಜಾಲದ ಮನೆಯ ಎದುರು ಮನೆಯವಳು, ಈಗ ಎಂಬತ್ತು ದಾಟಿದೆ. ಮೋನಿಷಾ ಅವಳ ಮೊಮ್ಮಗಳೆಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಗಲ್ಲ ಹಿಡಿದು ನೋಡಿದಳು. ಹೊಗಳುತ್ತಾಳೆ ಎಂದುಕೊಂಡೆ. ಬಯ್ದಳು.

“ಏನೇ ಕಲಾವತಿ, ನಿಮ್ಮವ್ವುನ್ನ ಅಂಗ್ ತಲೆ ಬಗ್ಗಿಸ್ಕಂಡ್ ಓಗೋ ತರ ಮಾಡಿದ್ದೀಯಲ್ಲ. ಅವ್ಳು ಯಾವತ್ತೇ ಸೋತ್ಲು?”

‘ನಾಲ್ಕು ಗಂಟೆಗೆ ಎದ್ದು ಹೋದಳಲ್ಲ’ ಎಂದು ಸ್ಲೇಟಿನಲ್ಲಿ ಬರೆದೆ. ಮೋನಿಷಾ ಓದಿ ಹೇಳಿದಳು. ಮುದುಕಿ ನಕ್ಕುಬಿಟ್ಟಳು.

“ಅಸಾ ಕರ್ಯಾಕ್ ಓದ್ಲು ಕಣೇ! ನಾಕ್ ಗಂಟ್ಗೆ ಅಸಾ ಕರೀಬೇಡ್ವಾ? ಅದು ಇತ್ಲಲ್ಲಿ ಅರಚ್ಕೊಂತಿತ್ತು. ಕರ್ದು, ಆಲು ಒಳಗಿಟ್ಟು, ವಾಪಸ್ ಬಂದು ಕೂತ್ಲು. ಅಷ್ಟೊತ್ಗೆ ನೀವಿಬ್ರು ಬಸ್ಸತ್ತಿದ್ರಿ. ಮೂರ್ ದಿನ ಕೂತಿದ್ಲು. ಬೆಳಗ್ಗೆ ಎದ್ದು ಕರೆಯೋದು, ಬಂದು ಕೂರೋದು. ಸಾಯಂಕಾಲ ಎದ್ದು ಕರೆಯೋದು, ಬಂದು ಕೂರೋದು. ನಾಕನೇ ದಿನ ನಾಕ್ ಜನ ಎತ್ಕೊಂಡೋಗಿ ಆ ಕಡೆ ಇಟ್ರು. ಕಾಲಲ್ಲಿ ಎದ್ದೋಗ್ಲಿಲ್ಲ ಅವ್ಳು.”

ರಾಣಿ, ಹದಿನೆಂಟು ವರ್ಷ ನಾನು ಅವಳನ್ನು ಸೋತವಳೆಂದು ಅಂದುಕೊಂಡು ಬದುಕಿದೆ. ಅವಳ ಜೊತೆ ಊಟ ಮಾಡಿದೆ, ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚಿದೆ, ಒಂದು ಮಾತು ಕೇಳಲಿಲ್ಲ. ಮನೆಗೆ ಬಂದು ಸುಬ್ರಮಣಿಯ ಮುಂದೆ ಸ್ಲೇಟು ಹಿಡಿದೆ: ‘ಅಮ್ಮ ಮೂರು ದಿನ ಕೂತಿದ್ದಳಾ?’ ಅವನು ಆಶ್ಚರ್ಯಪಟ್ಟ. “ಹೂಂ. ಊಟ ನಾನೇ ಅಲ್ಲಿಗ್ ತಗೊಂಡೋಗ್ತಿದ್ದೆ. ನಿಂಗೊತ್ತಿರ್ಲಿಲ್ವಾ? ನೀನ್ ಕೇಳ್ಲೇ ಇಲ್ವಲ್ಲಕ್ಕ.” ಆಮೇಲೆ, “ಟ್ಯೂಷನ್ನವ್ರಿಗೆ ಬೇಡ ಅಂತ ಹೇಳ್ಬಿಟ್ಟೆ” ಎಂದು ಕೆಳಗಿಳಿದು ಹೋದ.

ಸಂಘದವರ ಪತ್ರ ನಿನ್ನೆ ಬಂತು. ಸಮಯ ಮೀರಿದ್ದಕ್ಕೆ, ಟ್ರ್ಯಾಕ್ ಕೊಡದೆ ವಂಚಿಸಿದ್ದಕ್ಕೆ ಇನ್ನು ಅವರ ವೇದಿಕೆ ನಮಗಿಲ್ಲವಂತೆ. ಒಳ್ಳೆಯದಾಯಿತು. ಅವರ ವೇದಿಕೆ ಸಾಲುವುದೂ ಇಲ್ಲ.

ಯಾಕೆಂದರೆ ವರ್ಣ ತಪ್ಪಾಗಿದೆ ಕಣೇ, ನೀನು ಹೇಳಿದ್ದೇ ನಿಜ. ಅವಳು ಏಳಬೇಕು. ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂರಬೇಕು. ಕೆಚ್ಚಲು ತೊಳೆದು ಹಾಲು ಕರೆಯಬೇಕು, ಕರುವಿಗೆ ಒಂದಿಷ್ಟು ಬಿಡಬೇಕು. ಚೆಂಬು ಒಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು, ಯಂತ್ರದ ಮುಂದೆ ಮತ್ತೆ ಕೂರಬೇಕು. ಒಂದು ಸಲ ಅಲ್ಲ, ಮೂರು ದಿನ. ಒಂದು ಗಂಟೆಯಾದರೂ ಬೇಕು. ಯಾರೂ ಒಂದು ಗಂಟೆ ಕೊಡುವುದಿಲ್ಲ. ನಮ್ಮ ಮಹಡಿಯಲ್ಲೇ ಮಾಡೋಣ. ಜನ ಹೆಚ್ಚಾದರೆ ಮೆಟ್ಟಿಲ ಮೇಲೆ ಕೂರಲಿ. ಅದೂ ಸಾಲದಿದ್ದರೆ ಚಿಕ್ಕಜಾಲಕ್ಕೆ ಹೋಗೋಣ, ರಸ್ತೆ ಪಕ್ಕದಲ್ಲಿ ಈಗಲೂ ಅಷ್ಟು ಜಾಗವಿದೆ. ನಾಸಿರ್ ಲೈಟು ತರುತ್ತಾನಂತೆ, ಅವನೇ ಹೇಳಿ ಕಳಿಸಿದ್ದಾನೆ. ಬಿಟ್ಟುಹೋಗಿದ್ದವರಲ್ಲಿ ಆರು ಹುಡುಗಿಯರು ವಾಪಸು ಬಂದಿದ್ದಾರೆ. ಕುಣಿಯುತ್ತಾ ಸೊಲ್ಲು ಹೇಳಲು ಬಾರದೆ ಒದ್ದಾಡುತ್ತಿದ್ದಾರೆ, ಒದ್ದಾಡಲಿ.

ಹಾಲು ಕರೆಯುವಾಗ ಹಾಡು ಬೇಡ. ಬರೀ ಕೋಲಿನಲ್ಲಿ ಚೊರ್ ಚೊರ್ ಎಂಬ ಲಯ, ಅದನ್ನು ನಾನು ಹಿಡಿದಿದ್ದೇನೆ. ಆದರೆ ಬಂದು ಮತ್ತೆ ಕೂರುತ್ತಾಳಲ್ಲ, ಅಲ್ಲಿ ಆನಂದಭೈರವಿ ಆಗುವುದಿಲ್ಲ. ಬೇರೆ ರಾಗ ಬೇಕು. ಯಾವುದೆಂದು ನನಗೆ ಹೊಳೆಯುತ್ತಿಲ್ಲ.

ಅದನ್ನು ಕಾಗದದಲ್ಲಿ ಬರೆದು ಕಳಿಸಬೇಡ. ಬಂದು ಹಾಡು.

ನಿನ್ನ ಕಲಾ